ಒಂಬತ್ತು ಹೆಂಗಸರ ಆನೆಗೆ ಬಟ್ಟೆ

ಮೂಡುಬಿದಿರೆ
ಸೋಮವಾರ, 11 ಆಗಸ್ಟ್ 2025

ಪ್ರೀತಿಯ ತೃಷಾ,

ಸೊಸೆಗೆ ಬರೆಯುವಾಗ ಮೊದಲ ಸಾಲಿಗೇ ಆಶೀರ್ವಾದ ಹಾಕುವುದು ವಾಡಿಕೆ. ನನ್ನ ಆಶೀರ್ವಾದ ನಿನಗೆ ಈಗ ಬೇಕೋ ಬೇಡವೋ ಗೊತ್ತಿಲ್ಲ. ಆದ್ದರಿಂದ ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ನೀನು ಲಾಯಿಲದ ತಾಯಿಮನೆಗೆ ಹೋಗಿ ಆರು ತಿಂಗಳಾಯಿತು. ಕಳೆದ ವಾರ ಫೋನ್ ಮಾಡಿ, "ಮಾಮಿ, ಗುರುವಾರ ಬೆಳ್ತಂಗಡಿ ಕೋರ್ಟಿಗೆ ಬನ್ನಿ. ನೋಡಿದ್ದನ್ನು ಹೇಳಿದರೆ ಸಾಕು, ಬೇರೆ ಎಂತ ಬೇಡ," ಎಂದೆ. ಶೋಧನ್ ಪಕ್ಕದಲ್ಲೇ ಚಾ ಕುಡಿಯುತ್ತಿದ್ದ. ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, "ಅಲ್ಲಿ ಮಳೆ ಉಂಟಾ?" ಎಂದು ಕೇಳಿ ಫೋನ್ ಇಟ್ಟೆ. ಮಗನ ಎದುರು ಗಂಡನ ಮನೆಯ ಹಳೇ ಬೆಕ್ಕಿನ ಹಾಗೆ ಇರುತ್ತೇನೆ, ನಿನಗೆ ಗೊತ್ತೇ ಉಂಟು. ಉತ್ತರ ಈ ಕಾಗದದಲ್ಲಿ ಬರೆಯುತ್ತೇನೆ. ಆದರೆ ಮೊದಲು ಬಟ್ಟೆಯ ವಿಷಯ ಬರೆಯಲು ಬಿಡು. ಅದು ಸುಲಭ.

ನೀನು ಬರೆದ ಕಸೂತಿಯ ನಕ್ಷೆ ನನ್ನ ಹತ್ತಿರವೇ ಇದೆ. ಇಲ್ಲಿಯ ಚೌಟರ ಅರಮನೆಯ ಮರದ ಕಂಬದಲ್ಲಿ ಕೆತ್ತಿದ ಆ ಆನೆ, ಒಂಬತ್ತು ಹೆಂಗಸರು ಸೇರಿ ಆದ ಆನೆ. ಫೋಟೋ ತೆಗೆದು, ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ, ಇಡೀ ಕ್ರಿಸ್‌ಮಸ್ ರಜೆ ಮುಗಿಸಿದ್ದೆ. ಅಗಲಕ್ಕೆ ನೂರ ಅರವತ್ತೆಂಟು ಹೊಲಿಗೆ, ಎತ್ತರಕ್ಕೆ ನೂರ ಮೂವತ್ತೆರಡು. ಶಾಲೆಯಲ್ಲಿ ಮಕ್ಕಳಿಗೆ ಇತಿಹಾಸ ಕಲಿಸುವವಳಿಗೆ ಇದೊಂದು ಹುಚ್ಚು ಎಂದು ನಾನು ನಗಾಡಿದ್ದೆ. ನಾನೋ ಹೊಲಿಗೆ ಟೀಚರ್ ಕಲಿಸಿದ ಎರಡು ಗಿಳಿ, ಒಂದು 'ಸ್ವಾಗತ' ಬಿಟ್ಟರೆ ಬೇರೇನೂ ಹಾಕಿದವಳಲ್ಲ. "ನೀವು ಸೊಂಡಿಲಿನಿಂದ ಸುರು ಮಾಡಿ, ನಾನು ಬಾಲದಿಂದ ಬರ್ತೇನೆ, ಹೊಟ್ಟೆಯಲ್ಲಿ ಸೇರುವ," ಎಂದು ನೀನು ಹೇಳಿದ್ದೆ. ನನ್ನನ್ನು ಅಷ್ಟು ಲೆಕ್ಕಕ್ಕೆ ಹಿಡಿದವರು ಈ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಮೂಡುಬಿದಿರೆಯ ಅಂಗಡಿಗಳಲ್ಲಿ ಚೌಕ ಎಣಿಸಿ ಕಸೂತಿ ಹಾಕುವ ಮ್ಯಾಟಿ ಬಟ್ಟೆ ಕೇಳಿದರೆ, ಟೇಬಲಿಗೆ ಹಾಸಲಿಕ್ಕಾ ಎಂದು ಕೇಳುತ್ತಾರೆ. ಆದ್ದರಿಂದ ಶನಿವಾರ ಬಸ್ಸು ಹತ್ತಿ ಪಾಣೆಮಂಗಳೂರಿಗೆ ಹೋದೆ. ಅಲ್ಲಿ ಅಬ್ದುಲ್ ಶುಕೂರ್ ಎಂಬವರ ಬಟ್ಟೆ ಅಂಗಡಿ. ಕಡಿಮೆ ಬೆಲೆಯದನ್ನು ತೆಗೆಯಲು ಹೊರಟಾಗ ಅವರೇ ತಡೆದರು. ಬಟ್ಟೆಯ ಮೇಲೆ ಅಳತೆಪಟ್ಟಿ ಇಟ್ಟು ತೋರಿಸಿದರು: ಅಡ್ಡಕ್ಕೆ ಇಂಚಿಗೆ ಹದಿನಾಲ್ಕು ಚೌಕ, ಉದ್ದಕ್ಕೆ ಹನ್ನೆರಡೇ. "ಇದರಲ್ಲಿ ಹಾಕಿದ್ರೆ ನಿಮ್ಮ ಆನೆ ಒಂಟೆ ಆಗ್ತದೆ ಅಕ್ಕ," ಎಂದರು. ಬಹಳ ದಿನಗಳ ನಂತರ ನಕ್ಕೆ.

ಆಮೇಲೆ ಒಳ್ಳೆಯದನ್ನು ತೆಗೆದರು. ಇಂಚಿಗೆ ಹದಿನೆಂಟು ಚೌಕದ್ದು ನನ್ನ ಕಣ್ಣಿಗೆ ಹಿಡಿಸುವುದಿಲ್ಲ. ನೀನು ಮೊದಲು ಹೇಳಿದ್ದು ಹದಿನಾಲ್ಕರದ್ದು, ಆನೆ ಹನ್ನೆರಡು ಇಂಚಿಗೆ ಅಚ್ಚುಕಟ್ಟಾಗಿ ಕೂರುತ್ತದೆ. ಕಪ್ಪು ಬಟ್ಟೆಯಲ್ಲಿ ಮರದ ಬಣ್ಣ ಚೆನ್ನಾಗಿ ಏಳುತ್ತದೆ, ಆದರೆ ತೂತು ಕಾಣಲು ಮಡಿಲಲ್ಲಿ ಬಿಳಿ ಟವೆಲ್ ಹಾಸಿಕೊಳ್ಳಬೇಕಂತೆ. ಕೊನೆಗೆ ಹನ್ನೊಂದರದ್ದನ್ನೇ ಅರ್ಧ ಮೀಟರ್ ಹರಿಸಿದೆ, ಕೋರಾ ಬಣ್ಣದ್ದು. ಇಂಚಿಗೆ ಹನ್ನೊಂದೇ ಚೌಕ, ತೂತು ದೊಡ್ಡದು, ದಪ್ಪ ಸೂಜಿ ಸಾಕು. ಆನೆ ಹದಿನೈದು ಇಂಚು ದಾಟುತ್ತದೆ, ಹೆಂಗಸರ ಮುಖ ಸ್ವಲ್ಪ ಒರಟಾಗುತ್ತದೆ. ಆಗಲಿ. ನಿನ್ನ ಬಲಗೈಯ ಎರಡು ಬೆರಳು ಇನ್ನೂ ಮಡಚುವುದಿಲ್ಲ ಎಂದು ನಿನ್ನ ಅಮ್ಮ ಹೇಳಿದ್ದಾರೆ. ಸಣ್ಣ ಸೂಜಿ ನಿನಗೆ ಹಿಡಿಯಲಿಕ್ಕಿಲ್ಲ ಎಂದೇ ಅದನ್ನು ಆರಿಸಿದೆ.

ಇನ್ನು ಬಟ್ಟೆಯ ವಿಷಯ ಮುಗಿಯಿತು, ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಫೆಬ್ರವರಿಯ ಆ ಭಾನುವಾರ ನಾನು ಜಗಲಿಯಲ್ಲೇ ಕುಳಿತಿದ್ದೆ. ಶಾಲೆಯ ಕೆಲಸ ಬಿಟ್ಟು ತನ್ನ ಹೋಟೆಲಿಗೆ ದುಡಿಯಲು ಬಾ ಎಂದು ಶೋಧನ್ ಹೇಳಿದ್ದೂ, ನೀನು ಬರುವುದಿಲ್ಲ ಎಂದದ್ದೂ ಕೇಳಿಸಿತು. ಅವನು ನಿನ್ನ ಕೈಯನ್ನು ಹಿಂದಕ್ಕೆ ತಿರುಚಿದ್ದನ್ನು ನೋಡಿದೆ. ಜಗಲಿಯಿಂದ ಅಂಗಳಕ್ಕೆ ದೂಡಿದ್ದನ್ನು ನೋಡಿದೆ. ಬಿದ್ದಲ್ಲಿಂದ ನೀನು ಮೊದಲು ನೋಡಿದ್ದು ನನ್ನ ಮುಖವನ್ನು. ನಾನು ತಲೆ ತಗ್ಗಿಸಿ ನಕ್ಷೆಯ ಚೌಕ ಎಣಿಸಿದೆ.

ಆಸ್ಪತ್ರೆಯಲ್ಲಿ ಕೇಳಿದಾಗ, "ಅಂಗಳದ ಪಾಚಿಯಲ್ಲಿ ಜಾರಿದಳು," ಎಂದವಳೂ ನಾನೇ. ಫೆಬ್ರವರಿಯ ಬಿಸಿಲಿಗೆ ಎಲ್ಲಿಯ ಪಾಚಿ! ಡಾಕ್ಟರು ಒಮ್ಮೆ ನನ್ನ ಮುಖ ನೋಡಿ, ಹೇಳಿದ್ದನ್ನು ಬರೆದುಕೊಂಡರು. ಆವತ್ತಿನಿಂದ ಎಲ್ಲರಿಗೂ ಅದೇ ಪಾಚಿಯ ಕಥೆ ಹೇಳಿದ್ದೇನೆ. ಫರಂಗಿಪೇಟೆಯ ನಾದಿನಿ ಬಂದಾಗ ಅಂಗಳದ ಜಾಗವನ್ನೂ ತೋರಿಸಿದೆ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಆ ಹೆಗ್ಗಣ ಇನ್ನೊಬ್ಬರ ಮಗಳನ್ನು ಕಚ್ಚಿದರೆ ಏನು ಮಾಡಬೇಕು ಎಂದು ಯಾರೂ ಹೇಳಿಕೊಟ್ಟಿಲ್ಲ. ಅವನ ಅಪ್ಪ ಮುಂಡಪ್ಪನವರೂ ಸಿಟ್ಟು ಬಂದರೆ ಹಾಗೆಯೇ ಇದ್ದರು. ನನ್ನ ಎಡಗಿವಿ ಕೇಳದಿರುವುದು ಹುಟ್ಟಿನಿಂದ ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಆ ಪೆಟ್ಟು ಬಿದ್ದಾಗ ಇದೇ ಜಗಲಿಯಲ್ಲಿ ನನ್ನ ಮಾಮಿ ಅಕ್ಕಿ ಆರಿಸುತ್ತಿದ್ದರು. ಅವರೂ ತಲೆ ಎತ್ತಲಿಲ್ಲ. ಅವರು ಸಾಯುವ ತನಕ ನಾನು ಅವರನ್ನು ಕ್ಷಮಿಸಲಿಲ್ಲ, ಆದ್ದರಿಂದ ನೀನು ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಗುರುವಾರ ಬರುತ್ತೇನೆ. ಬೆಳಿಗ್ಗೆ ಎಂಟರ ಬಸ್ಸಿಗೆ, ವೇಣೂರಿನಲ್ಲಿ ಕೆಲಸ ಉಂಟು ಎಂದು ಇಲ್ಲಿ ಹೇಳಿ ಹೊರಡುತ್ತೇನೆ. ಹೇಳಿದ ಮೇಲೆ ಈ ಮನೆಯ ಬಾಗಿಲು ನನಗೆ ತೆರೆಯುವುದಿಲ್ಲ. ಅರವತ್ತಾರು ವರ್ಷದವಳು ಎಲ್ಲಿಗೆ ಹೋಗಲಿ ಎಂದು ಗೊತ್ತಿಲ್ಲ. ಹೇಳಿದರೂ ನಿನ್ನ ಬೆರಳು ಸರಿಯಾಗುವುದಿಲ್ಲ, ಅವನೂ ಸರಿಯಾಗುವುದಿಲ್ಲ. ಆದರೂ ನೀನು ಸುಳ್ಳು ಹೇಳಿದ್ದಲ್ಲ ಎಂದು ಒಬ್ಬರಾದರೂ ಅಲ್ಲಿ ನಿಂತು ಹೇಳಬೇಕು. ನನ್ನ ಬಿಟ್ಟರೆ ಹೇಳಲು ಯಾರೂ ಇಲ್ಲ.

ಬಟ್ಟೆಯನ್ನೂ ನಕ್ಷೆಯನ್ನೂ ಇದರ ಜೊತೆಗೇ ಇಟ್ಟಿದ್ದೇನೆ. ಹೊಲಿಯುವ ಮೊದಲು ಒಮ್ಮೆ ನೀರಿನಲ್ಲಿ ಅದ್ದಿ ಗಂಜಿ ಬಿಡಿಸು. ಔಷಧ ತಪ್ಪಿಸಬೇಡ.

ನಿನ್ನ ಮಾಮಿ,
ನೀಲಾವತಿ

ತಾ.ಕ.: ಮಂಗಳವಾರ ಮಧ್ಯಾಹ್ನ ಬರೆಯುತ್ತಿದ್ದೇನೆ. ಅಂಚೆಗೆ ಹೋಗಲು ಸೀರೆ ಉಟ್ಟು ನಿಂತಿದ್ದೆ, ಅಷ್ಟರಲ್ಲಿ ಶೋಧನನ ವಕೀಲರು ಬಂದರು. ಫೆಬ್ರವರಿಯ ಆ ಭಾನುವಾರ ನಾನು ಅಡುಗೆಮನೆಯಲ್ಲಿದ್ದೆ, ಏನನ್ನೂ ನೋಡಿಲ್ಲ ಎಂದು ಟೈಪ್ ಮಾಡಿ ತಂದಿದ್ದರು. ಕನ್ನಡಕ ಹಾಕಿ ಎರಡು ಸಲ ಓದಿದೆ. ಶೋಧನ್ ಬೆದರಿಸಲಿಲ್ಲ, ಗಟ್ಟಿಯಾಗಿ ಒಂದು ಮಾತೂ ಆಡಲಿಲ್ಲ. "ಸಹಿ ಹಾಕಿ ಅಮ್ಮ, ಊಟ ಮಾಡುವ," ಎಂದ, ಅಷ್ಟೇ. ಹಾಕಿದೆ. ಗುರುವಾರ ನನ್ನನ್ನು ಕಾಯಬೇಡ. ಈ ಕಾಗದವನ್ನು ಹರಿಯಲು ಮನಸ್ಸು ಬರಲಿಲ್ಲ, ಕಳಿಸುತ್ತಿದ್ದೇನೆ. ಇದನ್ನು ನಿನ್ನ ವಕೀಲರಿಗೆ ತೋರಿಸಬೇಕು ಎಂದು ನಿನಗೆ ಅನಿಸಬಹುದು. ತೋರಿಸಬೇಡ ಮಗಾ. ಕರೆದು ಕೇಳಿದರೆ, ಇದು ನನ್ನ ಅಕ್ಷರ ಅಲ್ಲ ಎಂದೇ ಹೇಳುತ್ತೇನೆ.