ಮೂಲೆ ಕತ್ತರಿಸಿದ ಕಾರ್ಡು

ಮಾರ್ಚ್ ೧೪, ಶನಿವಾರ, ಬೆಳಿಗ್ಗೆ ಹನ್ನೊಂದು
ಆಸ್ಪತ್ರೆಯ ಕೆಳಮಹಡಿ, ಔಷಧದ ಅಂಗಡಿ ಎದುರಿನ ಬೆಂಚು

ಪ್ರೀತಿಯ ಪುಟ್ಟನಿಗೆ,

ಅಕ್ಕನ ಆಶೀರ್ವಾದ. ನಾವಿಲ್ಲಿ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ ಅಂತ ಶುರು ಮಾಡುವುದು ರೂಢಿ. ಆದರೆ ನೀನಿರುವುದು ನನ್ನ ತಲೆಯ ಮೇಲೆ ಮೂರನೇ ಮಹಡಿಯಲ್ಲಿ, ನಾನಿರುವುದು ಕೆಳಗೆ ಬೆಂಚಿನ ಮೇಲೆ, ಇಬ್ಬರೂ ಕ್ಷೇಮವಾಗಿಲ್ಲ. ನಿನಗೆ ಕಾಗದ ಬರೆದು ಯಾವ ಕಾಲವಾಯಿತೋ. ಫೋನು ಬಂದ ಮೇಲೆ ಅಕ್ಷರವೇ ಮರೆತ ಹಾಗಾಗಿದೆ. ತಪ್ಪಿದ್ದರೆ ತಿದ್ದಿಕೊಂಡು ಓದು.

ವಾರ್ಡಿನ ನರ್ಸಮ್ಮ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. "ಪೇಷಂಟು ಯಾರನ್ನೂ ಒಳಗೆ ಬಿಡ್ಬೇಡಿ ಅಂದಿದಾರೆ. ಅದ್ರಲ್ಲೂ ಅಕ್ಕ ಅಂತ ಯಾರಾದ್ರೂ ಬಂದ್ರೆ ಬಿಡ್ಲೇಬೇಡಿ ಅಂದಿದಾರೆ" ಎಂದರು. ಆಮೇಲೆ, ನೀವ್ಯಾರು ಅಂತ ಕೇಳಿದರು. ಅಕ್ಕ ಎಂದೆ. ಪಾಪ, ಅವರಿಗೇ ಮುಜುಗರವಾಯಿತು. ಕಾಗದ ಬರೆದುಕೊಟ್ಟರೆ ತಲುಪಿಸುತ್ತೇನೆ ಎಂದರು. ನಾಲ್ಕರಿಂದ ಐದರವರೆಗೆ ನೋಡಲು ಬಿಡುತ್ತಾರೆ, ನೀನು ಹೂಂ ಅಂದರೆ ಮಾತ್ರ. ಆ ಒಂದು ಹೂಂ ಕೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗುರುವಾರದಿಂದ ನನ್ನ ತಲೆ ನೆಟ್ಟಗಿಲ್ಲ. ನಿನ್ನೆ ನಿನ್ನ ಭಾವನಿಗೆ ಚಹಾಕ್ಕೆ ಉಪ್ಪು ಹಾಕಿ ಕೊಟ್ಟೆ. ಅವರು ತುಟಿಪಿಟಕ್ಕೆನ್ನದೆ ಕುಡಿದರು. ಮೂವತ್ತೊಂದು ವರ್ಷದಲ್ಲಿ ಅವರು ನನ್ನ ಕೈಯಡುಗೆಗೆ ಹೆಸರಿಡದ ದಿನ ಅದೊಂದೇ ಇರಬೇಕು. ಇವತ್ತು ಬೆಳಿಗ್ಗೆ ಒಂದೊಂದು ಕಾಲಿಗೆ ಒಂದೊಂದು ಜೊತೆಯ ಚಪ್ಪಲಿ ಹಾಕಿಕೊಂಡು ಬಸ್ಸು ಹತ್ತಿದ್ದೇನೆ, ಈಗ ಇಲ್ಲಿ ಕೂತಾಗ ಕಣ್ಣಿಗೆ ಬಿತ್ತು.

ನಮ್ಮ ಗುರುವಾರಗಳ ಕತೆ ಹೇಳಿ ಹೇಳಿ ನಿನಗೆ ಬೇಸರ ಬರಿಸಿದ್ದೇನೆ. ಆದರೂ ಇನ್ನೊಂದು ಸಲ ಕೇಳು, ಹೇಳಿಕೊಂಡರೆ ನನಗಾದರೂ ಅರ್ಥವಾದೀತು. ಎಂಟು ಗಂಟೆಗೆ ಪಾಸ್ಟರ ಪ್ರಾರ್ಥನೆ. ಆಮೇಲೆ ಚರ್ಚಿನ ಹಿಂದಿನ ದೊಡ್ಡ ಕೋಣೆಯಲ್ಲಿ ಚೀಲ ತುಂಬುವುದು. ಅಕ್ಕಿ, ಬೇಳೆ, ಎಣ್ಣೆ, ಬ್ರೆಡ್ಡು, ಮತ್ತೆ ಅವತ್ತು ಯಾವ ಅಂಗಡಿಯವರು ಏನು ಕಳಿಸಿದರೋ ಅದು. ಹತ್ತಕ್ಕೆ ಬಾಗಿಲು ತೆರೆಯುತ್ತೇವೆ. ಮನೆಗೊಂದು ಕಾರ್ಡು, ಕಾರ್ಡಿಗೊಂದು ಚೀಲ, ಚೀಲ ಕೊಟ್ಟ ಮೇಲೆ ಆ ವಾರದ ಚೌಕದಲ್ಲಿ ನೀಲಿ ಮೊಹರು. ಕಾರ್ಡು ಬೇಕಾದವರು ತಾವೇ ಬಂದು ಮುಖ ತೋರಿಸಬೇಕು. ಮೋಸ ಮಾಡಿ ಎರಡು ಸಲ ಒಯ್ದವರ ಕಾರ್ಡಿನ ಮೂಲೆ ಕತ್ತರಿಸುತ್ತೇವೆ, ಮೂಲೆ ಹೋದ ಕಾರ್ಡಿಗೆ ನಾಲ್ಕು ವಾರ ಚೀಲವಿಲ್ಲ. ಈ ಕೊನೆಯ ನಿಯಮ ನನ್ನದೇ. ಸಭೆಯಲ್ಲಿ ನಾನೇ ಎದ್ದು ನಿಂತು ಹೇಳಿದೆ, ಎಲ್ಲರೂ ತಲೆಯಾಡಿಸಿದರು, ಕತ್ತರಿ ನನ್ನ ಕೈಗೇ ಬಂತು. ಅಂದಿನಿಂದ ನಾನು ಅಲ್ಲಿ ಕತ್ತರಿ ಅಕ್ಕ. ಆ ಹೆಸರು ಕೇಳಿ ನೀನೂ ನಕ್ಕಿದ್ದೆ.

ಐದು ವಾರದ ಹಿಂದೆ ದರ್ಜಿ ತಾತ ಸಿಕ್ಕಿಬಿದ್ದರು. ಕತ್ತಿನಲ್ಲಿ ಸದಾ ಅಳತೆ ಟೇಪು ಹಾಕಿಕೊಂಡಿರುತ್ತಾರಲ್ಲ, ಅವರೇ. ಹತ್ತೂವರೆಗೆ ಚೀಲ ಒಯ್ದವರು ಹನ್ನೆರಡಕ್ಕೆ ಟೋಪಿ ಹಾಕಿಕೊಂಡು ಮತ್ತೆ ಬಂದರು. ಕಾರ್ಡಿನಲ್ಲಿ ಮೊಹರಿಲ್ಲ, ಬರೀ ಒದ್ದೆ ಕಲೆ. "ಹೆಬ್ಬೆರಳು ತೋರ್ಸಿ ತಾತ" ಎಂದೆ. ನೀಲಿ! ಎಂಜಲು ಹಚ್ಚಿ ಉಜ್ಜಿದ್ದರು. "ಪಕ್ಕದ ರೂಮಿನೋರಿಗಮ್ಮ. ಬೆನ್ನು ನೋವು, ಅವ್ರಿಗೆ ಬರೋಕಾಗಲ್ಲ" ಎಂದರು. "ಬೇಕಾದೋರು ತಾವೇ ಬರ್ಬೇಕು ತಾತ, ಎಲ್ಲರಿಗೂ ಒಂದೇ ಕಾನೂನು" ಅಂದವಳೇ ಕಚಕ್ಕನೆ ಕತ್ತರಿಸಿದೆ. ತಾತ ಆ ತುಂಡನ್ನು ನೆಲದಿಂದ ಹೆಕ್ಕಿ ಜೇಬಿಗೆ ಹಾಕಿಕೊಂಡು ಹೋದರು.

ಆ ಭಾನುವಾರ ಫೋನಿನಲ್ಲಿ ಇದನ್ನೆಲ್ಲ ನಿನಗೆ ಬಣ್ಣ ಕಟ್ಟಿ ಹೇಳಿದೆ. ಟೋಪಿ, ನೀಲಿ ಹೆಬ್ಬೆರಳು, ಎಲ್ಲ. ಲೈನು ಹೋಯಿತೇನೋ ಅಂತ ನಾನು ಹಲೋ ಹಲೋ ಅಂದೆ. ಆಗ ನೀನು, "ಒಳ್ಳೇ ಕೆಲ್ಸ ಮಾಡ್ದೆ ಬಿಡಕ್ಕ" ಎಂದೆ. ಏನು ಅಡುಗೆ ಅಂತ ಕೇಳಿದರೆ ಮೀನು ಹುರಿದಿದ್ದೀನಿ, ವಾಸನೆಗೆ ಬೆಕ್ಕು ಬಂದು ಬಾಗಿಲು ಕೆರೀತಿದೆ ಎಂದೆ. ಪುಟ್ಟಾ, ಬೆಕ್ಕನ್ನೂ ಸೇರಿಸಿದೆಯಲ್ಲೋ! ಬೆಕ್ಕಿದ್ದ ಮೇಲೆ ಮೀನೂ ಇರಲೇಬೇಕು ಅಂತ ನಾನು ನಂಬಿಬಿಟ್ಟೆ. ಅದಕ್ಕೂ ಮುಂಚೆ ವಾರವಾರವೂ "ಈ ಸಲ ಚೀಲದಲ್ಲಿ ಏನೇನಿತ್ತಕ್ಕ?" ಅಂತ ಕೇಳುತ್ತಿದ್ದೆ. ನನ್ನ ಸೇವೆಯೆಂದರೆ ತಮ್ಮನಿಗೆ ಎಷ್ಟು ಅಕ್ಕರೆ ಅಂತ ನಾನು ಹಿಗ್ಗುತ್ತಿದ್ದೆ. ತಾತ ತಂದುಕೊಟ್ಟದ್ದನ್ನು ತಾಳೆ ನೋಡುತ್ತಿದ್ದೆಯೋ, ಆಡಲು ಬೇರೆ ಮಾತೇ ಇರುತ್ತಿರಲಿಲ್ಲವೋ, ನೀನೇ ಹೇಳಬೇಕು.

ಮೊನ್ನೆ ಗುರುವಾರಕ್ಕೆ ತಾತನ ನಾಲ್ಕು ವಾರ ಮುಗಿದಿತ್ತು. ಬಂದರು. ನನ್ನಿಂದ ಚೀಲ ತೆಗೆದುಕೊಂಡು, ಹೋಗದೆ ಪಕ್ಕದ ಮೇಜಿನ ರಿಟೈರ್ಡ್ ಟೀಚರ ಹತ್ತಿರ ನಿಂತರು. ಬಂದವರಿಗೆ ಅರ್ಜಿ ತುಂಬಿಕೊಡುವುದು, ಫೋನು ಮಾಡಿಕೊಡುವುದು ಟೀಚರ ಕೆಲಸ. "ಪಕ್ಕದ ರೂಮಿನೋರು ಬಿದ್ಬಿಟ್ರಮ್ಮ. ನಿನ್ನೆ ಆಸ್ಪತ್ರೆಗೆ ಸೇರ್ಸಿದ್ವಿ. ಅವ್ರ ಫೋನು ತೆಗೆಯೋಕೆ ನಂಗೆ ಬರಲ್ಲ. ಡೈರೀಲಿ ಈ ನಂಬರಿತ್ತು, ಮನೆಯೋರಿಗೆ ತಿಳ್ಸಬೇಕು" ಅಂತ ಚೀಟಿ ಕೊಟ್ಟರು. ನನ್ನ ಮುಂದಿನ ಸಾಲು ಬಾಗಿಲು ದಾಟಿತ್ತು, ನಾನು ತಲೆಯೆತ್ತಲಿಲ್ಲ. ಟೀಚರ್ ಮೇಜಿನ ಮೇಲಿದ್ದ ಚರ್ಚಿನ ಫೋನಿನಲ್ಲಿ ನಂಬರು ಒತ್ತಿದರು. ನನ್ನ ಏಪ್ರನ್ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಕೆಲಸದ ಹೊತ್ತಲ್ಲಿ ಯಾರಪ್ಪಾ ಇದು ಅಂತ ಗೊಣಗಿ, ನೋಡದೆಯೇ ಕಟ್ ಮಾಡಿದೆ.

"ಕಟ್ ಮಾಡ್ಬಿಟ್ರಲ್ಲ, ಎಂಥಾ ಜನವೋ!" ಎಂದರು ಟೀಚರ್. ಮತ್ತೆ ಒತ್ತಿದರು. ಮತ್ತೆ ನನ್ನ ಜೇಬು. ಈ ಸಲ ತೆಗೆದು ನೋಡಿದೆ, ಚರ್ಚಿನದೇ ನಂಬರು. ತಿರುಗಿದೆ. ಟೀಚರ್ ರಿಸೀವರ್ ಕಿವಿಗಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ತಾತನೂ ನೋಡುತ್ತಿದ್ದರು. ಏನು ಮಾಡಬೇಕೋ ತೋಚದೆ ನಾನು ಫೋನೆತ್ತಿ "ಹಲೋ" ಎಂದೆ ನೋಡು. ಎರಡೇ ಮಾರು ದೂರದಲ್ಲಿದ್ದ ಟೀಚರ್ ಕೂಡ ರಿಸೀವರಿಗೇ, "ನಿಮ್ಮೋರು ಆಸ್ಪತ್ರೇಲಿದಾರಂತಮ್ಮ" ಎಂದರು. ನಗು ಬರುತ್ತದಲ್ಲ? ಬೇರೆ ಯಾರಿಗಾದರೂ ಆಗಿದ್ದರೆ ನಾನೇ ನಿನಗೆ ಹೇಳಿ ನಗಿಸುತ್ತಿದ್ದೆ. ಫೋನು ಕಿವಿಗಿಟ್ಟುಕೊಂಡೇ ಅಕ್ಕಿ ಮೂಟೆಯ ಮೇಲೆ ಕೂತೆ. ಆ ಚೀಟಿ ಈಗಲೂ ನನ್ನ ಪರ್ಸಿನಲ್ಲಿದೆ. ಗಳಿಗೆಗೊಮ್ಮೆ ತೆಗೆದು ನೋಡುತ್ತೇನೆ, ನಂಬರು ನನ್ನದು ಹೌದೋ ಅಲ್ಲವೋ ಅಂತ.

ಎರಡು ದಿನ ನಿನ್ನನ್ನು ಯಾರನ್ನೂ ಬಿಡದ ಕೋಣೆಯಲ್ಲಿಟ್ಟಿದ್ದರು. ಡಾಕ್ಟರು ಹೊರಗೆ ಬಂದು ಹೇಳಿದರು, "ಖಾಲಿ ಹೊಟ್ಟೇಲಿ ನೋವಿನ ಮಾತ್ರೆ ನುಂಗಿ ನುಂಗಿ ಒಳಗೆ ಹುಣ್ಣಾಗಿದೆ, ರಕ್ತ ಹೋಗಿದೆ. ಈಗ ಜೀವಕ್ಕೇನೂ ಭಯವಿಲ್ಲ. ಎಷ್ಟು ದಿನದಿಂದ ಸರಿಯಾಗಿ ಊಟ ಮಾಡಿಲ್ಲ?" ನಾಲ್ಕು ವಾರ ಅಂತ ಥಟ್ಟನೆ ಬಾಯಿಗೆ ಬಂತು. "ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?" ಎಂದರು.

ನಿನ್ನೆ ತಾತ ನಿನ್ನ ರೂಮು ತೋರಿಸಿದರು. "ಹೊಸ ಮನೆ ಅಕ್ಕ, ಬಣ್ಣದ ವಾಸನೆ ಹೋಗ್ಲಿ, ಆಮೇಲೆ ಕರೀತೀನಿ" ಅಂತ ಎಂಟು ತಿಂಗಳಿಂದ ಹೇಳುತ್ತಿದ್ದೆಯಲ್ಲ, ಆ ಮನೆ. ಮಂಚ ಅಡ್ಡ ಬಂದು ಬಾಗಿಲು ಪೂರ್ತಿ ತೆರೆಯುವುದಿಲ್ಲ. ಡಬ್ಬಿಗಳನ್ನು ತೆರೆದು ನೋಡಿದೆ, ಎಲ್ಲ ತೊಳೆದು ಬೋರಲು ಹಾಕಿದ ಹಾಗಿದ್ದವು. ನಿನ್ನ ಲಿಫ್ಟ್ ರಿಪೇರಿಯ ಸ್ಪ್ಯಾನರುಗಳು ಮಾತ್ರ ಎಣ್ಣೆ ಒರೆಸಿಕೊಂಡು, ದೊಡ್ಡದರಿಂದ ಚಿಕ್ಕದಕ್ಕೆ, ಗೋಡೆಯ ಮೇಲೆ ಸಾಲಾಗಿ ನೇತಾಡುತ್ತಿದ್ದವು. ನಿನಗೆ ಬೆನ್ನು ಮುರಿದ ಸುದ್ದಿ, ಕೆಲಸದಿಂದ ತೆಗೆದ ಸುದ್ದಿ ನಾನು ದರ್ಜಿಯ ಬಾಯಲ್ಲಿ ಕೇಳಬೇಕಾಯಿತು. ಕೋಪವೂ ಬರುತ್ತಿದೆ ನಿನ್ನ ಮೇಲೆ. ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನಿನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು ಕಣೋ ನಾನು, ನಿನ್ನ ಮೂಗು ಒರೆಸಿದವಳು. ನನ್ನ ಹತ್ತಿರ ಎಂಥಾ ಮರ್ಯಾದೆ!

ಕತ್ತರಿಯನ್ನು ಪಾಸ್ಟರ ಮೇಜಿನ ಮೇಲಿಟ್ಟು, ನನಗೆ ಈ ಸೇವೆ ಸಾಕು ಎಂದೆ. "ಬಿಟ್ಟರೆ ಸಮಾಧಾನ ಆಗುತ್ತಾ?" ಅಂತ ಕೇಳಿದರು. ಇಲ್ಲ ಎಂದೆ. "ಹಾಗಾದ್ರೆ ಗುರುವಾರ ಬನ್ನಿ. ಕತ್ತರಿ ನಾನಿಟ್ಕೋತೀನಿ" ಎಂದರು. ಇನ್ನು ಮೇಲೆ ಬರಲಾಗದವರ ಮನೆಗೆ ನಾವೇ ಚೀಲ ಒಯ್ಯುವುದೆಂದು ತೀರ್ಮಾನವಾಗಿದೆ. ಒಳ್ಳೆಯದೇ. ಆದರೆ ನನಗೆ ಸಂತೋಷವಾಗಲಿಲ್ಲ. ಅವರು ಪ್ರಾರ್ಥನೆ ಮಾಡಿದರು, ನನಗೆ ಆಮೆನ್ ಅನ್ನಲು ಬಾಯೇ ಬರಲಿಲ್ಲ.

ನಾಲ್ಕು ಗಂಟೆಗೆ ಹೂಂ ಅನ್ನು, ಪುಟ್ಟಾ. ಡಾಕ್ಟರನ್ನು ಕೇಳಿಯೇ ತೆಳ್ಳಗೆ ಗಂಜಿ ಮಾಡಿ ತಂದಿದ್ದೇನೆ. ಬುದ್ಧಿ ಹೇಳುವುದಿಲ್ಲ. ಅಳುವುದಿಲ್ಲ ಅಂತ ಮಾತ್ರ ಮಾತು ಕೊಡಲಾರೆ. ಇವತ್ತು ಬೇಡ ಅಂದರೆ ನಾಳೆ ಬರುತ್ತೇನೆ, ನಾಳಿದ್ದೂ ಬರುತ್ತೇನೆ, ಈ ಬೆಂಚು ಯಾರಪ್ಪನದೂ ಅಲ್ಲ. ದೇವರು ನಿನ್ನ ಹಾಸಿಗೆಯ ಪಕ್ಕದಲ್ಲೇ ಇರಲಿ. ನಿನ್ನ ಬೆನ್ನು ನೆಟ್ಟಗಾಗಲಿ, ಹೊಟ್ಟೆ ತಣ್ಣಗಿರಲಿ, ನೂರು ವರ್ಷ ಬಾಳು.

ನಿನ್ನ
ಅಕ್ಕ

ತಾ.ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಇದನ್ನು ಮುಚ್ಚಿಟ್ಟು ನಿನ್ನಿಂದ ಹೂಂ ಅನ್ನಿಸಿಕೊಂಡರೆ ಅದೂ ಮೋಸವೇ. ತಾತನ ಕಾರ್ಡು ಕತ್ತರಿಸಿದ ದಿನದ ಮಾತನ್ನು ನಾನು ಪೂರ್ತಿ ಬರೆಯಲಿಲ್ಲ, ಫೋನಿನಲ್ಲೂ ಹೇಳಿರಲಿಲ್ಲ. ನಾನು ಕತ್ತರಿ ಎತ್ತಿಕೊಂಡದ್ದು ನೋಡಿ ತಾತ ಇನ್ನೊಂದು ಮಾತು ಸೇರಿಸಿದ್ದರು: "ಬೆನ್ನು ನೋವಿದ್ರೂ ತೆವಳ್ಕೊಂಡಾದ್ರೂ ಬರೋರು ತಾಯಿ. ಅವ್ರ ಅಕ್ಕ ಇಲ್ಲೇ ಸೇವೆ ಮಾಡ್ತಾರಂತೆ. ಯಾರು ಅಂತ ನಂಗೂ ಹೇಳಿಲ್ಲ. ಅವ್ರ ಕಣ್ಣಿಗೆ ಬೀಳಬಾರ್ದು ಅಂತ ಬರಲ್ಲ." ನಾವು ಆರು ಜನ ಹೆಂಗಸರಿದ್ದೆವು. ಇದೊಂದು ಹೊಸ ನೆಪ ಅಂದುಕೊಂಡ ನಾನು ಇಡೀ ಸಾಲಿಗೆ ಕೇಳುವ ಹಾಗೆ, "ಯಾರ್ರಮ್ಮಾ ಅದು, ತಮ್ಮನ್ನ ಉಪವಾಸ ಕೆಡವಿ ಇಲ್ಲಿ ಬಂದು ಪುಣ್ಯ ಕಟ್ಕೋತಿರೋ ಮಹಾತಾಯಿ?" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಯಾರ ತಮ್ಮ, ಏನು ಹೆಸರು ಅಂತ ಒಬ್ಬರೂ ಕೇಳಲಿಲ್ಲ. ತಾತ ನಗುತ್ತಿದ್ದ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಬಂದರು, ಅಕ್ಕ ಯಾರಿರಬಹುದು ಅಂತ. ನನ್ನ ಮುಖ ನೋಡಿದರು, ಇವಳಂತೂ ಅಲ್ಲ ಅಂತ ಮುಂದಿನವಳ ಕಡೆಗೆ ಹೋದರು.