ಕಪ್ಪು ಗಾಜಿನ ಒಳಗಿಂದ

ಅತ್ತೆ,

ನೀವು ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ನಾನು ಆಫೀಸಿಗೆ ಹೊರಟಿರುತ್ತೇನೆ. ಮುದ್ದೆ ಹಾಟ್ ಬಾಕ್ಸಿನಲ್ಲಿದೆ, ಸಾರು ಬಿಸಿ ಮಾಡಿಕೊಳ್ಳಿ. ಬಿಪಿ ಮಾತ್ರೆ ಮರೆಯಬೇಡಿ.

ಕಾರಿನ ಗಾಜಿನ ಕಪ್ಪು ಫಿಲಂ ಏನಾಯಿತು ಎಂದು ಇವರು ಕೇಳಿದರೆ, ನಿನ್ನೆ ಆಫೀಸಿಂದ ಬರುವಾಗ ಗುಂಡ್ಲುಪೇಟೆಯಲ್ಲಿ ಪೊಲೀಸರು ಕೀಳಿಸಿದರು ಎನ್ನಿ. ಪಕ್ಕದ ಗಾಜಿನಲ್ಲಿ ಅರ್ಧದಷ್ಟಾದರೂ ಬೆಳಕು ಒಳಗೆ ಬರಲೇಬೇಕಂತೆ. ಬಿಸಿಲು ಅಂತ ಹಟ ಹಿಡಿದು ಹಾಕಿಸಿದವಳು ನಾನೇ, ಬೈಗುಳವೂ ನನಗೇ ಇರಲಿ.

ನಾಳೆ ಬೆಳಿಗ್ಗೆ ದೊಡ್ಡಮಾದಮ್ಮನವರನ್ನೂ ಹೂವಿನ ಚೀಲದ ಆ ಇಬ್ಬರನ್ನೂ ಮನೆ ಹತ್ತಿರವೇ ಬರಹೇಳಿ, ಕಾರಿನಲ್ಲಿ ಕರೆದೊಯ್ಯುತ್ತೇನೆ. ಕಾಲುನೋವಿನವರು, ದೊಡ್ಡಮಾದಮ್ಮ ಮುಂದೆ ಕೂರಲಿ.

ಇನ್ನೊಂದು ಮಾತು. ಮುಖ ನೋಡಿ ಹೇಳಲಾಗಲಿಲ್ಲ.

ನಿನ್ನೆ ಬೆಳಿಗ್ಗೆ ನಾನು ಆಫೀಸಿಗೆ ಹೋಗುವಾಗ ಹಂಗಳದ ಬಸ್ ಸ್ಟಾಪಿನಲ್ಲಿ ಅವರೆಲ್ಲರ ಜೊತೆ ನಿಂತು ನೀವು ಕೈ ಅಡ್ಡ ಹಾಕಿದಿರಿ. "ನಮ್ಮುಡ್ಗೀದೇ ಕಾರು, ಅತ್ಕಳ್ರಮ್ಮಿ" ಅಂತ ದಿನಾ ಎಲ್ಲರನ್ನೂ ಹತ್ತಿಸುತ್ತೀರಿ. ಒಬ್ಬೊಬ್ಬರನ್ನೂ ಇಳಿಸುತ್ತಾ ಹೋಗುವಾಗ ನನಗೆ ಲೇಟಾಗುತ್ತದೆ. ಹಾಗಂತ ನಿಲ್ಲಿಸದೆ ಹೋಗಿಬಿಟ್ಟೆ.

ಸಂಜೆ ನೀವೇ, "ಕರಿಗಾಜಲ್ವಾ ಕಣವ್ವ, ಒಳೀಕೆ ಕುಂತೋಳ್ಗೆ ನಾವೆಲ್ಲಿ ಕಂಡೇವು, ಬುಡು" ಎಂದು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಿರಿ. ನಾನು ತಲೆ ತಗ್ಗಿಸಿಕೊಂಡು ಉಂಡೆ.

ಅತ್ತೆ, ಆ ಗಾಜು ಕಪ್ಪಗಿದ್ದದ್ದು ಹೊರಗೆ ನಿಂತವರಿಗೆ. ಒಳಗಿಂದ ಎಲ್ಲಾ ಕಾಣುತ್ತಿತ್ತು. ಮುಂದೆ ಹೋಗಿ ಕನ್ನಡಿಯಲ್ಲಿ ನೋಡಿದೆ. ನಾನು ನಿಲ್ಲಿಸುತ್ತೇನೆ ಅಂತಲೇ ಏನೋ, ತಿರುವು ಬರುವವರೆಗೂ ನೀವು ಕೈ ಇಳಿಸಿರಲಿಲ್ಲ.

ಭವ್ಯ