ಮಲ್ಲಯ್ಯ ಯಾಕೆ ಕೊಂದ?

೪ ಜನವರಿ ೧೯೫೩, ಭಾನುವಾರ. ಲಿಂಗಸುಗೂರು

ಮೂರನೇ ಕಾದಂಬರಿಯ ಆರನೇ ಪ್ರಕರಣ ಬರೆದು ಮುಗಿಯಿತು. ಎಂದಿನಂತೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೆಂಡತಿ ಅಂಬಮ್ಮನಿಗೆ ಓದಿದೆ. ಅವಳಿಗೆ ಅಕ್ಷರ ಬಾರದು. ಆದರೂ ನನಗಿರುವ ಪರೀಕ್ಷಕಿ ಅವಳೊಬ್ಬಳೇ. ರೊಟ್ಟಿ ಬಡಿಯುವ ಕೈ ನಿಂತರೆ ಪ್ರಕರಣ ಪಾಸು. ನಿಲ್ಲದಿದ್ದರೆ ಹರಿದು ಮತ್ತೆ ಬರೆಯುವುದು. ಇವತ್ತು ಒಂದು ಸಲ ನಿಂತಿತು. ಖುಷಿಯಾಗಿ ತಲೆಯೆತ್ತಿದರೆ... ಹಿಟ್ಟು ಮುಗಿದಿತ್ತು, ಅಷ್ಟೇ.

ಮೊದಲೆರಡು ಕಾದಂಬರಿಗಳಲ್ಲಿ ಕೊಲೆಗಾರ ಯಾರೆಂದು ಅರ್ಧದಲ್ಲೇ ಹೇಳಿಬಿಟ್ಟಿದ್ದಳು. ಓದುಗರೂ ಕಂಡುಹಿಡಿದರಂತೆ. ಗದಗಿನ ಪ್ರಕಾಶಕರು ಸ್ಪಷ್ಟವಾಗಿ ಬರೆದಿದ್ದಾರೆ— ಮೂರನೆಯದೂ ಹೀಗೇ ಆದರೆ ನಮ್ಮ ಪತ್ತೇದಾರಿ ಪುಸ್ತಕಮಾಲೆಯಿಂದ ನಿಮ್ಮನ್ನು ಕೈಬಿಡಬೇಕಾಗುತ್ತದೆ. ಕೈಬಿಟ್ಟರೆ ನಾನು ಯಾರು? ತಹಸೀಲ ಕಚೇರಿಯ ಗುಮಾಸ್ತ ಅಮರಗುಂಡಪ್ಪ. ಬರೀ ಅಷ್ಟೇ ಆಗಿ ಸಾಯಲು ಮನಸ್ಸಿಲ್ಲ.

ಈ ಸಲ ಕೊನೆಯ ಪ್ರಕರಣವನ್ನು ಅಂಬಮ್ಮನಿಗೆ ಓದುವುದಿಲ್ಲ. ಅಚ್ಚಾಗಿ ಬಂದ ಮೇಲೆಯೇ ಕೇಳಲಿ.

೧೧ ಜನವರಿ

ಜಿಲಾನಿಸಾಬರ ಕಟ್ಟೆಗೆ ಹೋಗಿದ್ದೆ. ನಿವೃತ್ತ ಪೊಲೀಸ್ ಜಮಾದಾರರು. ನನ್ನ ಪತ್ತೇದಾರಿ ವಿದ್ಯೆಯೆಲ್ಲ ಅವರು ಕಲಿಸಿದ್ದು. ನನ್ನ ಪತ್ತೇದಾರ ಭೂತಗನ್ನಡಿ ಹಿಡಿದು ಬೀಗ ಪರೀಕ್ಷಿಸುವ ಭಾಗ ಓದಿದೆ. ಕೆಮ್ಮು ಬರುವವರೆಗೆ ನಕ್ಕರು. ಮೂವತ್ತು ವರ್ಷದ ನೌಕರಿಯಲ್ಲಿ ಭೂತಗನ್ನಡಿಯನ್ನೇ ಕಂಡಿಲ್ಲವಂತೆ! ಕೊಲೆಯಾದ ಊರಿಗೆ ಹೋದರೆ ಮೊದಲು ಚಹಾದಂಗಡಿಯಲ್ಲಿ ಕೂರುತ್ತಿದ್ದರಂತೆ. ದಿನಾ ಬರುವವರಲ್ಲಿ ಅವತ್ತು ಯಾರು ಬಂದಿಲ್ಲ, ಅದನ್ನು ನೋಡುತ್ತಿದ್ದರಂತೆ.

ಭೂತಗನ್ನಡಿಯನ್ನು ಅಲ್ಲೇ ಹೊಡೆದು ಹಾಕಿದೆ. ಚಹಾದಂಗಡಿ ಸೇರಿಸಿದೆ. ಎರಡು ಪುಟ ಹೋಯಿತು, ನಾಲ್ಕು ಬಂತು. ಹೊಟ್ಟೆ ತಣ್ಣಗಾಯಿತು.

೨೫ ಜನವರಿ. ಮಸ್ಕಿಗೆ ಹೋಗಿ ಬಂದು

ಬೆನ್ನಟ್ಟುವ ದೃಶ್ಯಕ್ಕೆ ಗುಡ್ಡ ಬೇಕಿತ್ತು. ಕೊಲೆಗಾರ ಎಷ್ಟು ಹೊತ್ತಿನಲ್ಲಿ ಕೆಳಗಿಳಿಯುತ್ತಾನೆ? ಕೂತು ಊಹಿಸುವುದಕ್ಕಿಂತ ಓಡಿ ನೋಡುವುದೇ ಮೇಲು. ಧೋತ್ರ ಎತ್ತಿ ಕಟ್ಟಿ ಓಡಿದೆ. ಚಪ್ಪಲಿ ಕಿತ್ತಿತು. ಆಡು ಕಾಯುತ್ತಿದ್ದ ಮುದುಕಿಯೊಬ್ಬಳು ಯಾರು ಬೆನ್ನು ಹತ್ತಿದ್ದಾರೆಂದು ಕೇಳಿದಳು. ಯಾರೂ ಇಲ್ಲ, ಸುಮ್ಮನೆ ಓಡಿ ನೋಡುತ್ತಿದ್ದೇನೆ ಎಂದೆ. ಅವಳು ಆಡುಗಳನ್ನು ನನ್ನಿಂದ ದೂರ ಹೊಡೆದುಕೊಂಡು ಹೋದಳು.

ಅಂಬಮ್ಮ ಚಪ್ಪಲಿ ನೋಡಿ ದಬ್ಬಳ ದಾರ ತಂದಿಟ್ಟಳು. ಅಭ್ಯಾಸವಾಗಿದೆ.

೮ ಫೆಬ್ರವರಿ

ಮುಗಿಯಿತು! ಒಂಬತ್ತು ಪ್ರಕರಣ. ಕೊಲೆಗಾರ ಕಂಪೌಂಡರ್ ಮಲ್ಲಯ್ಯ— ಮಕ್ಕಳಿಗೆ ಪುಕ್ಕಟೆ ಗುಳಿಗೆ ಕೊಡುವ ಮಲ್ಲಯ್ಯ. ಯಾರ ತಲೆಗೂ ಹೊಳೆಯಲಿಕ್ಕಿಲ್ಲ.

ಪ್ರಕರಣಗಳನ್ನು ಬೇರೆ ಬೇರೆ ಹೊಲಿದು, ಒಂಬತ್ತನ್ನೂ ಸೇರಿಸಿ ಕಚೇರಿಯ ಉರ್ದು ಕಡತದಂತೆ ಬಲಗಡೆಗೆ ಕಟ್ಟಿದೆ. ಪ್ರತಿಯೊಂದರ ನೆತ್ತಿಯ ಮೇಲೆ ಉರ್ದು ಅಂಕಿ. ಶಾಲೆ ಕಲಿತದ್ದು ಉರ್ದುವಿನಲ್ಲಿ, ಹದಿನೆಂಟು ವರ್ಷ ಬರೆದದ್ದು ಉರ್ದು ಕಡತ. ಕನ್ನಡ ಕಲಿತದ್ದು ಮನೆಯಲ್ಲಿ, ಅಪ್ಪನ ಹತ್ತಿರ. ಅಂಕಿ ಹಾಕುವಾಗ ಕೈ ತಾನಾಗಿ ಹಳೆಯ ದಾರಿ ಹಿಡಿಯುತ್ತದೆ. ನಾಳೆ ರಿಜಿಸ್ಟರ್ ಟಪಾಲು.

೨೦ ಏಪ್ರಿಲ್, ಸೋಮವಾರ

ಪುಸ್ತಕ ಬಂತು. ಕಚೇರಿಯಲ್ಲೇ ಒಡೆದೆ. ಮೊದಲ ಪುಟ, ಮೊದಲ ಸಾಲು— ‘ಹೌದು, ಗಿರಣಿ ಮಾಲೀಕರನ್ನು ಕೊಂದದ್ದು ನಾನೇ, ಎಂದನು ಕಂಪೌಂಡರ್ ಮಲ್ಲಯ್ಯ.’

ಹಿಂದಿನಿಂದ ತೆಗೆದೆನೇನೋ ಎಂದು ತಿರುಗಿಸಿ ನೋಡಿದೆ. ಇಲ್ಲ. ಕೊನೆಯ ಪ್ರಕರಣವನ್ನೇ ಮೊದಲು ಅಚ್ಚು ಹಾಕಿದ್ದಾರೆ. ಪತ್ತೇದಾರಿ ಕಾದಂಬರಿ, ಮೊದಲ ಸಾಲಿಗೇ ಪತ್ತೆ! ಮುಗಿಯಿತು ನನ್ನ ಕಥೆ.

೨೯ ಏಪ್ರಿಲ್

ಬಿಸಿಬಿಸಿಯಾಗಿ ಬರೆದಿದ್ದೆ. ಪ್ರಕಾಶಕರ ಉತ್ತರ ತಣ್ಣಗೆ ಬಂದಿದೆ. ಕಟ್ಟು ಬಲಗಡೆಗಿತ್ತಂತೆ. ಕನ್ನಡ ಪುಸ್ತಕದಂತೆ ಎಡಗಡೆಗೆ ಬರಲೆಂದು ಅಚ್ಚಿನ ಮೊಳೆ ಜೋಡಿಸುವವನು ಮಗುಚಿ ಇಟ್ಟ. ಅಡಿಯಲ್ಲಿದ್ದ ಒಂಬತ್ತನೆಯದು ಮೇಲೆ ಬಂತು. ಅಂಕಿ ಅಲ್ಲಿ ಯಾರಿಗೂ ಓದಲು ಬರಲಿಲ್ಲ. ಉಳಿದವನ್ನು ಘಟನೆ ನೋಡಿ ಸರಿಯಾಗಿ ಹೊಂದಿಸಿದರಂತೆ. ತಪ್ಪೊಪ್ಪಿಗೆ ಮೊದಲು ಬಂದದ್ದನ್ನು ಮಾತ್ರ ನನ್ನ ಹೊಸ ತಂತ್ರ ಎಂದುಕೊಂಡರಂತೆ.

ಯಾರನ್ನು ಬೈಯಲಿ? ಕಟ್ಟಿದ ಕೈ ನನ್ನದೇ. ಮಾಲೆಯಲ್ಲಿ ಇಟ್ಟುಕೊಳ್ಳುವ ವಿಷಯ ಜೂನ್‌ನಲ್ಲಿ ತಿಳಿಸುತ್ತಾರಂತೆ.

೩ ಮೇ, ಭಾನುವಾರ

ಅಂಬಮ್ಮ ಬಿಡಲಿಲ್ಲ. ಎರಡು ವಾರದಿಂದ ಪುಸ್ತಕ ಓದಿ ಎನ್ನುತ್ತಿದ್ದಳು. ಓದಿದೆ, ಹೇಗೆ ಅಚ್ಚಾಗಿದೆಯೋ ಹಾಗೇ. ಮೊದಲು ಎಂಟು ಪ್ರಕರಣ ಕೇಳಿದಾಗ ಅವಳು ಮಾಲೀಕನ ತಮ್ಮನೇ ಕೊಂದಿರಬೇಕು ಎಂದುಕೊಂಡಿದ್ದಳಂತೆ. ಅಂದರೆ ನಾನು ಗೆದ್ದಿದ್ದೆ! ಆದರೆ ಈಗ ಗೆದ್ದು ಏನು ಬಂತು.

ವಿಚಿತ್ರವೆಂದರೆ ಮುಂದಿನದನ್ನು ಅವಳು ಎಂದೂ ಇಲ್ಲದಷ್ಟು ಗಮನವಿಟ್ಟು ಕೇಳಿದಳು. ಮಲ್ಲಯ್ಯ ಬಂದಲ್ಲೆಲ್ಲ ಓದು ನಿಲ್ಲಿಸಿ ಮತ್ತೊಮ್ಮೆ ಓದಿಸಿದಳು. ಮಾಲೀಕನ ಮಗಳಿಗೆ ಅವನು ಗುಳಿಗೆ ಕೊಡುವ ನಾಲ್ಕು ಸಾಲನ್ನು ಮೂರು ಸಲ. ಪುಟ ತುಂಬಲೆಂದು ಬರೆದ ಸಾಲುಗಳವು, ನನಗೇ ನೆನಪಿರಲಿಲ್ಲ. ಎಲ್ಲ ಮುಗಿದ ಮೇಲೆ ಕೇಳಿದಳು:

“ಅಂವ ಯಾಕ ಕೊಂದಾನಂತ ಎಲ್ಲೂ ಬರದೇ ಇಲ್ಲಲ್ರೀ?”

ಬರೆದಿದ್ದೇನಲ್ಲ, ರೊಕ್ಕದ ಆಸೆಗೆ, ಎಂದೆ.

“ರೊಕ್ಕದ ಆಸೆ ಇದ್ದಂವ ಇಪ್ಪತ್ತು ವರ್ಸ ಕೂಸುಗಳಿಗೆ ಪುಕ್ಕಟೆ ಗುಳಿಗಿ ಕೊಡ್ತಾನೇನ್ರೀ? ನಮ್ಮ ಕಣ್ಣಿಗೆ ಮಣ್ಣು ಹಾಕಾಕ ಅಂವನ್ನ ಇಟ್ಟೀರಿ ನೀವು. ಒಂದ್ಸಲನೂ ಅಂವನ್ನ ಮಾತಾಡ್ಸಿಲ್ಲ.”

ಸಿಟ್ಟು ಬಂತು. ಎದ್ದು ಬಸ್ ಸ್ಟ್ಯಾಂಡಿನವರೆಗೆ ನಡೆದೆ. ಮೂರು ಪುಸ್ತಕ, ಮೂವರು ಕೊಲೆಗಾರರು. ಒಬ್ಬನ ಹೆಂಡತಿ ಮಕ್ಕಳ ಹೆಸರೂ ನನಗೆ ಗೊತ್ತಿಲ್ಲ. ಅವಳು ಹೇಳಿದ್ದು ಸರಿ. ಮನೆಗೆ ಬಂದು ಹಾಗೆಂದು ಹೇಳಿದೆ ಕೂಡ. ಊಟಕ್ಕೆ ಬರ್ರೀ ಎಂದಳು.

೫ ಜೂನ್

ಗದಗಿನ ಕಾಗದ. ಓದುಗರಲ್ಲಿ ಬೈದು ಬರೆದವರು ಕೆಲವರು, ಮೆಚ್ಚಿದವರು ಕೆಲವರು. ಸುಮ್ಮನಿದ್ದವರು ಈ ಸಲ ಕಡಿಮೆಯಂತೆ. ಇನ್ನೊಂದು ಪುಸ್ತಕಕ್ಕೆ ಅವಕಾಶವಿದೆ. ದಯವಿಟ್ಟು ಎಡಗಡೆ ಹೊಲಿಯಿರಿ ಎಂದು ಕೆಳಗೊಂದು ಗೆರೆ. ಬದುಕಿಕೊಂಡೆ! ಜಿಲಾನಿಸಾಬರಿಗೆ ಪೇಢೆ ಒಯ್ದು ಕೊಟ್ಟೆ.

೭ ಜೂನ್, ಭಾನುವಾರ. ಬೆಳಿಗ್ಗೆ ಆರು

ಹೊಸ ನೋಟುಬುಕ್ಕು. ನಾಲ್ಕನೆಯ ಕಥೆಗೆ ಬೇರೆ ಹೆಣ ಹುಡುಕುತ್ತಿಲ್ಲ. ಅದೇ ಗಿರಣಿ, ಅದೇ ಮಲ್ಲಯ್ಯ. ಹೆಸರು ಮೊದಲ ಸಾಲಿನಲ್ಲೇ ಇರಲಿ. ಯಾಕೆಂಬುದು ಮಾತ್ರ ನನಗೂ ತಿಳಿದಿಲ್ಲ. ಇದೇ ಮೊದಲ ಸಲ, ತಿಳಿಯದೆ ಬರೆಯಲು ಕೂತದ್ದು. ಹೆದರಿಕೆಯಾಗುತ್ತಿದೆ, ಖುಷಿಯೂ ಆಗುತ್ತಿದೆ.

ಏಳು ಗಂಟೆ. ಇನ್ನೂ ಒಂದು ಸಾಲಿಲ್ಲ. ಮನಸ್ಸಿನಲ್ಲೇ ಅವನ ದವಾಖಾನೆಗೆ ಹೋಗಿ ಬೆಂಚಿನ ಮೇಲೆ ಕೂತಿದ್ದೇನೆ. ಅವನು ಗುಳಿಗೆಗಳನ್ನು ಕಾಗದದಲ್ಲಿ ಸುತ್ತುತ್ತಿದ್ದಾನೆ. ನನ್ನತ್ತ ನೋಡುತ್ತಿಲ್ಲ.

ಎಂಟು. ಕೇಳಿಯೇಬಿಟ್ಟೆ— ಮಲ್ಲಯ್ಯ, ಯಾಕೆ?

ಕೈ ನಿಲ್ಲಿಸಿದ. “ಇಷ್ಟು ದಿನ ಯಾರೂ ಕೇಳಿದ್ದಿಲ್ಲ ನೋಡ್ರೀ ಗುಮಾಸ್ತರ” ಎಂದ. “ಆ ವರ್ಸ ನನ್ನ ಮಗಳಿಗೆ ಜ್ವರ ಬಂದಿತ್ತು. ಕೂಸನ್ನ ಹೆಗಲ ಮ್ಯಾಲ ಹಾಕ್ಕೊಂಡು ಗಿರಣಿ ಬಾಗಲಿಗೆ ಹೋದೆ. ಮಾಲಕರು ಒಳಗ ಇದ್ರು. ನಾ ಕೇಳಿದ್ದು ಅವರ ಮೋಟಾರ ಒಂದ ಸಲ, ದೊಡ್ಡ ದವಾಖಾನಿ ತನಕ; ಅವರು ಇಲ್ಲ ಅಂದ್ರು, ಕೂಸು ಹೆಗಲ ಮ್ಯಾಲನ ಹೋತು.”